ಹುಬ್ಬಳ್ಳಿ-ಧಾರವಾಡದಿಂದ ಬರ್ಲಿನ್‌ಗೆ: ಗೆಳೆಯರ ಗುಂಪು ಕಟ್ಟಿಕೊಂಡು ವಿದೇಶದಲ್ಲಿ ಮ್ಯಾರಥಾನ್ ಓಡುವುದು ಹೇಗೆ

ವಿದೇಶದಲ್ಲಿ ಮ್ಯಾರಥಾನ್ ಓಡುವುದೂ ಖುಷಿ, ಗೆಳೆಯರ ಜೊತೆ ವಿದೇಶ ತಿರುಗುವುದೂ ಖುಷಿ. ಎರಡನ್ನೂ ಒಂದೇ ವಾರದಲ್ಲಿ ತುರುಕಿದಾಗ ತೊಡಕು ಶುರು. ಓಟಗಾರನಿಗೆ ನಿದ್ದೆ ಬೇಕು, ಪ್ರವಾಸಿಗನಿಗೆ ರಾತ್ರಿ ಹನ್ನೊಂದರ ತನಕ ಬೀದಿ ಬೇಕು. ಓಟದ ಹಿಂದಿನ ದಿನ ಕಾಲಿಗೆ ವಿಶ್ರಾಂತಿ ಕೊಡಬೇಕು. ಹೊಸ ಊರಿಗೆ ಬಂದ ಮನುಷ್ಯ ಅದೇ ದಿನ ಗೊತ್ತಿಲ್ಲದೆಯೇ ಹದಿನೈದು ಕಿಲೋಮೀಟರ್ ನಡೆದಿರುತ್ತಾನೆ. ಆದ್ದರಿಂದ ಇಲ್ಲಿನ ಎಲ್ಲ ಲೆಕ್ಕವೂ ಒಂದೇ ಕಟ್ಟಳೆಯ ಮೇಲಿದೆ: ಓಟ ಮೊದಲು, ತಿರುಗಾಟ ಆಮೇಲೆ. ಗುಂಪಿನಲ್ಲಿ ಇದಕ್ಕೆ ಒಪ್ಪದವರಿದ್ದರೆ ಅವರು ಓಟದ ದಿನಕ್ಕೆ ನೇರ ಬಂದು ಸೇರಲಿ. ಅದರಿಂದ ಗೆಳೆತನವೂ ಉಳಿಯುತ್ತದೆ, ಓಟವೂ ಉಳಿಯುತ್ತದೆ.

ಉದಾಹರಣೆಗೆ ಬರ್ಲಿನ್ ಓಟವನ್ನು ಹಿಡಿದಿದ್ದೇವೆ. ದಾರಿ ಸಪಾಟು, ಹವೆ ತಂಪು, ತಯಾರಿಯ ತಿಂಗಳುಗಳು ನಮ್ಮ ಮಳೆಗಾಲಕ್ಕೆ ಸರಿಹೊಂದುತ್ತವೆ. 2022ರಲ್ಲಿ ಎಲಿಯುಡ್ ಕಿಪ್ಚೋಗೆ 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿ ತನ್ನದೇ ವಿಶ್ವದಾಖಲೆ ಮುರಿದದ್ದು ಇದೇ ದಾರಿಯಲ್ಲಿ. ಬೇರೆ ಊರಿಗೆ ಹೋಗುವವರು ತಾರೀಖು ಮತ್ತು ಗಡಿಯಾರದ ಲೆಕ್ಕ ಬದಲಿಸಿಕೊಂಡರೆ ಆಯಿತು.

ಯಾವ ಊರಿನ ಓಟ?

ಮೊದಲ ಪೂರ್ಣ ಮ್ಯಾರಥಾನ್ ವಿದೇಶದಲ್ಲಿ ಬೇಡ. 42.195 ಕಿ.ಮೀ. ಎಂದರೆ ಏನೆಂದು ದೇಹಕ್ಕೆ ಒಮ್ಮೆ ಇಲ್ಲೇ ಗೊತ್ತಾಗಲಿ. ಜನವರಿಯ ಮುಂಬೈ ಓಟ ಹುಬ್ಬಳ್ಳಿಯವರಿಗೆ ಒಂದು ರಾತ್ರಿಯ ಪ್ರಯಾಣ. ಅಲ್ಲಿನ ಸಮಯ ಮುಂದೆ ಅರ್ಜಿಯಲ್ಲಿ ತುಂಬಲೂ ಬೇಕಾಗುತ್ತದೆ, ಏಕೆಂದರೆ ದೊಡ್ಡ ಓಟಗಳಲ್ಲಿ ಯಾರು ಯಾವ ಸರದಿಯಲ್ಲಿ ಹೊರಡಬೇಕೆಂಬುದು ಹಳೆಯ ಸಮಯದ ಮೇಲೆ ತೀರ್ಮಾನವಾಗುತ್ತದೆ.

ಟೋಕಿಯೊ, ಬೋಸ್ಟನ್, ಲಂಡನ್, ಬರ್ಲಿನ್, ಷಿಕಾಗೊ, ನ್ಯೂಯಾರ್ಕ್ ಮತ್ತು 2025ರಲ್ಲಿ ಸೇರಿದ ಸಿಡ್ನಿ, ಈ ಏಳನ್ನು 'ಮೇಜರ್' ಎನ್ನುತ್ತಾರೆ. ಬೋಸ್ಟನ್‌ಗೆ ಅರ್ಹತಾ ಸಮಯ ಬೇಕು, ಇಲ್ಲವೇ ದತ್ತಿ ಸಂಸ್ಥೆಗೆ ಹಣ ಕೂಡಿಸಿ ಕೊಡಬೇಕು. ಉಳಿದವುಗಳಲ್ಲಿ ಸಾಮಾನ್ಯ ಓಟಗಾರನಿಗಿರುವ ಮುಖ್ಯ ಬಾಗಿಲು ಲಾಟರಿ. ಲಾಟರಿ ಬೇಡ, ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಸಿಂಗಪುರ, ಬ್ಯಾಂಕಾಕ್, ಕೌಲಾಲಂಪುರ, ದುಬೈ ಇವೆ. ಆದರೆ ಆಗ್ನೇಯ ಏಷ್ಯಾದ ಸೆಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ನಸುಕಿಗೂ ಮುಂಚೆ ಓಟ ಬಿಡುವುದೇ ಆ ಕಾರಣಕ್ಕೆ. ಧಾರವಾಡದ ತಂಪಿನಲ್ಲಿ ತಯಾರಾದವರು ತಮ್ಮ ಗುರಿಗೆ 20-30 ನಿಮಿಷ ಸೇರಿಸಿಕೊಂಡೇ ಹೊರಡಲಿ.

ಊರು ಆರಿಸುವಾಗ ಹೆಚ್ಚಿನವರು ಮರೆಯುವುದು ಗಡಿಯಾರವನ್ನು. ಬರ್ಲಿನ್ ಸೆಪ್ಟೆಂಬರಿನಲ್ಲಿ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ಅಲ್ಲಿ ಬೆಳಿಗ್ಗೆ 9:15ಕ್ಕೆ ಓಟ ಬಿಟ್ಟರೆ ಇಲ್ಲಿ ಮಧ್ಯಾಹ್ನ 12:45. ದಿನಾ ನಸುಕಿನ ಐದೂವರೆಗೆ ಓಡುವ ಕಾಲಿಗೆ ಅದು ಊಟದ ಹೊತ್ತು. ಟೋಕಿಯೊ ನಮಗಿಂತ ಮೂರೂವರೆ ತಾಸು ಮುಂದೆ. ಅಲ್ಲಿನ 9:10 ಎಂದರೆ ನಮ್ಮ 5:40. ಹುಬ್ಬಳ್ಳಿಯ ಓಟಗಾರನಿಗೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ. ನ್ಯೂಯಾರ್ಕ್ ಹತ್ತೂವರೆ ತಾಸು ಹಿಂದೆ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ದೇಹಕ್ಕೆ ರಾತ್ರಿ ಎಂಟೂವರೆ. ಆ ಓಟ ನವೆಂಬರಿನ ಮೊದಲ ಭಾನುವಾರ, ಅಮೆರಿಕದಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವುದೂ ಅದೇ ಭಾನುವಾರದ ನಸುಕಿನಲ್ಲಿ. ಅಲಾರಾಂ ಇಡುವವರು ಇದನ್ನು ಬರೆದಿಟ್ಟುಕೊಳ್ಳಿ.

ಗುಂಪಿನ ಕರಾರು

ಟಿಕೆಟ್ ತೆಗೆಸುವುದಕ್ಕಿಂತ ಮೊದಲೇ, ಎಲ್ಲರೂ ಒಂದು ಕಡೆ ಕೂತು ನಾಲ್ಕು ವಿಷಯ ಬಗೆಹರಿಸಿ ಬರೆದಿಡಿ. ಬಾಯಿಮಾತಿನಲ್ಲಿ ಬಿಟ್ಟದ್ದೆಲ್ಲ ಬರ್ಲಿನ್ ಹೋಟೆಲಿನ ಕೋಣೆಯಲ್ಲಿ ಜಗಳವಾಗಿ ಹೊರಬೀಳುತ್ತದೆ.

ಮೊದಲನೆಯದು, ಲಾಟರಿಯಲ್ಲಿ ಕೆಲವರಿಗೆ ಬಂದು ಕೆಲವರಿಗೆ ಬರದಿದ್ದರೆ ಏನು? ಬಂದವರಷ್ಟೇ ಹೋಗುವುದೋ, ಬರದವರು ನೋಡುಗರಾಗಿ ಬರುವುದೋ, ಎಲ್ಲರೂ ಬಿಟ್ಟು ಸಿಂಗಪುರಕ್ಕೆ ಹೋಗುವುದೋ. ಲಾಟರಿ ಬಂದೂ ಹೊರಡದವರ ಹೆಸರಿನ ಬಿಬ್ (ಎದೆಗೆ ಸಿಕ್ಕಿಸುವ ಓಟದ ಸಂಖ್ಯೆಯ ಚೀಟಿ) ಹಾಕಿಕೊಂಡು ಇನ್ನೊಬ್ಬರು ಓಡುವ ಯೋಚನೆಯನ್ನು ಅಲ್ಲೇ ಕೈಬಿಡಿ. ಬಿಬ್ ಕೊಡುವುದು ಗುರುತಿನ ಚೀಟಿ ನೋಡಿ, ಸಿಕ್ಕಿಬಿದ್ದರೆ ಇಬ್ಬರ ಹೆಸರೂ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ದಾರಿಯಲ್ಲಿ ಕುಸಿದರೆ ವೈದ್ಯರ ಕೈಗೆ ಸಿಗುವುದು ಬೇರೆಯವರ ರಕ್ತದ ಗುಂಪು.

ಎರಡನೆಯದು, ಒಬ್ಬರಿಗೆ ವೀಸಾ ಸಿಗದಿದ್ದರೆ ಅವರ ಪಾಲಿನ ಕೋಣೆಯ ಖರ್ಚು ಯಾರ ತಲೆಗೆ? ಅದಕ್ಕೇ ಹೋಟೆಲನ್ನು ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ. ತುಸು ದುಬಾರಿಯಾದರೂ ಇರಲಿ.

ಮೂರನೆಯದು ಹಣ. ಎಲ್ಲರದೂ ಕೂಡಿದ ಖರ್ಚು (ಕೋಣೆ, ಟ್ಯಾಕ್ಸಿ, ದಿನಸಿ) ಒಬ್ಬರ ಕಾರ್ಡಿನಿಂದ, ವೈಯಕ್ತಿಕ ಖರ್ಚು ಅವರವರದ್ದು. ಲೆಕ್ಕವನ್ನು ಪ್ರತಿ ರಾತ್ರಿ ಮಲಗುವ ಮೊದಲು ಫೋನಿನಲ್ಲಿ ಬರೆಯಿರಿ. ಭಾರತದ ಕಾರ್ಡುಗಳು ಸಾಮಾನ್ಯವಾಗಿ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ಚಾಲೂ ಮಾಡಬೇಕು. ಪ್ರವೇಶ ಶುಲ್ಕ ಕಟ್ಟುವಾಗ ಹಣ ಹೋಗದೆ ಜಾಗ ಕಳೆದುಕೊಳ್ಳುವವರಲ್ಲಿ ಹಲವರ ಕಾರಣ ಇದೇ. ಒಟಿಪಿ ಬರಲು ಭಾರತದ ಸಿಮ್ ರೋಮಿಂಗ್‌ನಲ್ಲಿ ಜೀವಂತವಿರಲಿ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮ: ಓಟದಲ್ಲಿ ಯಾರು ಯಾರ ಜೊತೆ? 'ಎಲ್ಲರೂ ಕೂಡಿ ಓಡೋಣ, ಕೂಡಿ ಮುಗಿಸೋಣ' ಎಂಬ ಮಾತು ಹುಬ್ಬಳ್ಳಿಯಲ್ಲಿ ಚಹಾ ಕುಡಿಯುವಾಗ ಚಂದ. ಕಿಲೋಮೀಟರಿಗೆ 6 ನಿಮಿಷದವನು 7 ನಿಮಿಷದವನ ಜೊತೆ ನಾಲ್ಕು ತಾಸು ಓಡಿದರೆ ಇಬ್ಬರಿಗೂ ಕಷ್ಟ: ನಿಧಾನಿ ತನ್ನ ಶಕ್ತಿ ಮೀರಿ ಓಡುತ್ತಾನೆ, ವೇಗಿ ನಡಿಗೆ ಕೆಟ್ಟು ಸೊಂಟ ಹಿಡಿಸಿಕೊಳ್ಳುತ್ತಾನೆ. ಗುರಿಯ ಸಮಯದಲ್ಲಿ 10 ನಿಮಿಷಕ್ಕಿಂತ ಕಡಿಮೆ ಅಂತರವಿದ್ದ ಇಬ್ಬರು ಮಾತ್ರ ಜೋಡಿಯಾಗಲಿ. ಅವರೂ 30ನೇ ಕಿಲೋಮೀಟರ್ ತನಕ ಮಾತ್ರ. ಆಮೇಲೆ ಯಾರೂ ಯಾರಿಗೂ ಕಾಯಬಾರದು, ಬಿಟ್ಟು ಹೋದನೆಂದು ಸಿಟ್ಟಾಗಲೂಬಾರದು. ಬೇರೆ ಬೇರೆ ಸರದಿ ಸಿಕ್ಕವರು ಕೂಡಿ ಓಡಬೇಕಿದ್ದರೆ ಮುಂದಿನವನು ಹಿಂದಿನ ಸರದಿಗೆ ಬರಬಹುದು. ಹಿಂದಿನವನನ್ನು ಮುಂದಕ್ಕೆ ಬಿಡುವುದಿಲ್ಲ.

ಪ್ರವೇಶ, ಪಾಸ್‌ಪೋರ್ಟ್, ವೀಸಾ

ಬರ್ಲಿನ್‌ನ ಲಾಟರಿ ಆ ವರ್ಷದ ಓಟ ಮುಗಿಯುತ್ತಿದ್ದಂತೆ ಶರತ್ಕಾಲದಲ್ಲಿ ತೆರೆಯುತ್ತದೆ, ಫಲಿತಾಂಶ ವರ್ಷದ ಕೊನೆಯೊಳಗೆ. ಅಂದರೆ ನಿಮ್ಮ ಕೈಯಲ್ಲಿ ಸುಮಾರು ಹತ್ತು ತಿಂಗಳಿರುತ್ತವೆ. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ. ನಮ್ಮ ಕಡೆಯ ಪಾಸ್‌ಪೋರ್ಟುಗಳಲ್ಲಿ ಅಡ್ಡಹೆಸರು ಒಂದು ಕಡೆ, ತಂದೆಯ ಹೆಸರು ಇನ್ನೊಂದು ಕಡೆ ಸೇರಿ ಗೊಂದಲವಾಗಿರುವುದು ಸಾಮಾನ್ಯ. ವಿಮಾನದ ಟಿಕೆಟ್, ವಿಮೆ, ಓಟದ ನೋಂದಣಿ ಮೂರರಲ್ಲೂ ಅದೇ ಅಕ್ಷರಗಳಿರಬೇಕು.

ಪಾಸ್‌ಪೋರ್ಟ್ ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು, ಯುರೋಪಿನಿಂದ ಹೊರಬೀಳುವ ದಿನದ ಆಚೆಗೆ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಬೇಕು. ನವೀಕರಣಕ್ಕೆ ಬೆಂಗಳೂರಿಗೆ ಅಲೆಯಬೇಕಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಗದಗ, ಹಾವೇರಿಯವರಿಗೂ ಅದು ಒಂದು ದಿನದ ಕೆಲಸ.

ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಸೆಪ್ಟೆಂಬರಿನ ಓಟಕ್ಕೆ ಮೇ ಅಥವಾ ಜೂನಿನಲ್ಲೇ ಹಾಕಿ. ಜುಲೈ ಬಂತೆಂದರೆ ಬೇಸಿಗೆ ಪ್ರವಾಸದವರ ದಟ್ಟಣೆಯಲ್ಲಿ ದಿನಾಂಕ ಸಿಗುವುದೇ ಕಷ್ಟ. ವಯಸ್ಕರ ಶುಲ್ಕ 90 ಯುರೋ, ಮೇಲೆ ಕೇಂದ್ರದ ಸೇವಾ ಶುಲ್ಕ. ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಖುದ್ದು ಹೋಗಿ ಬೆರಳಚ್ಚು ಕೊಡಬೇಕು. ರಾತ್ರಿ ರೈಲಿನಲ್ಲಿ ಹೋಗಿ ಮರುರಾತ್ರಿ ಮರಳುವ ಲೆಕ್ಕದಲ್ಲಿ ಎಲ್ಲರೂ ಒಂದೇ ದಿನದ ಸರದಿ ಹಿಡಿಯಿರಿ. ಗುಂಪಾಗಿ ಹೋದರೂ ಕಾಗದಪತ್ರ ಒಬ್ಬೊಬ್ಬರದೂ ಪೂರ್ತಿ ಬೇರೆ: ಬ್ಯಾಂಕ್ ವಹಿವಾಟು, ಆದಾಯ ತೆರಿಗೆ ವಿವರ, ನೌಕರರಿಗೆ ರಜೆ ಮಂಜೂರಾತಿ ಪತ್ರ, ಅಂಗಡಿಕಾರರಿಗೆ ಜಿಎಸ್‌ಟಿ ನೋಂದಣಿ, ಹೊಲದವರಿಗೆ ಉತಾರ ಮತ್ತು ಅದರ ಇಂಗ್ಲಿಷ್ ಅನುವಾದ. ಅರ್ಜಿಗೆ ಒಂದು ವಾರ ಮೊದಲು ಖಾತೆಗೆ ದಿಢೀರನೆ ದೊಡ್ಡ ಮೊತ್ತ ಜಮಾ ಮಾಡಿದರೆ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಓಟದ ನೋಂದಣಿ ದೃಢೀಕರಣವನ್ನು ಎಲ್ಲಕ್ಕಿಂತ ಮೇಲೆ ಇಡಿ. ಯಾಕೆ ಹೋಗುತ್ತೀರಿ ಎಂಬ ಪ್ರಶ್ನೆಗೆ ಅದಕ್ಕಿಂತ ನೇರ ಉತ್ತರ ಬೇರಿಲ್ಲ.

ಗುಂಪುಗಳು ಎಡವುವ ಜಾಗ ಇದು: ವೀಸಾ ಅರ್ಜಿ ಹೋಗಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಬರ್ಲಿನ್‌ನಲ್ಲಿ ಐದು ದಿನ, ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಆರು ದಿನ ಎಂದು ಯೋಜನೆ ಹಾಕಿದರೆ ಅರ್ಜಿ ಸ್ವಿಟ್ಜರ್ಲೆಂಡಿಗೆ ಹೋಗಬೇಕು, ಜರ್ಮನಿಗಲ್ಲ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶ. ಪ್ರವಾಸದ ಪಟ್ಟಿಯನ್ನು ಇದಕ್ಕೆ ತಕ್ಕಂತೆ ಮೊದಲೇ ಹೊಂದಿಸಿ.

ವಿಮೆ ಕನಿಷ್ಠ 30,000 ಯುರೋದ್ದು ಕಡ್ಡಾಯ. ಅಗ್ಗದ್ದನ್ನು ಕಣ್ಣುಮುಚ್ಚಿ ಕೊಳ್ಳಬೇಡಿ. ಹಲವು ಪಾಲಿಸಿಗಳಲ್ಲಿ ಸ್ಪರ್ಧಾತ್ಮಕ ಕ್ರೀಡೆಗೆ ರಕ್ಷಣೆಯಿಲ್ಲ ಎಂಬ ಸಾಲು ಒಳಪುಟದಲ್ಲಿರುತ್ತದೆ. ಮ್ಯಾರಥಾನ್ ಸೇರುತ್ತದೆಯೇ ಎಂದು ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ನೇರ ವಿದೇಶಿ ವಿಮಾನವಿಲ್ಲ. ಬೆಂಗಳೂರು, ಮುಂಬೈ ಅಥವಾ ದೆಹಲಿಯಲ್ಲಿ ಬದಲಿಸಬೇಕು. ಹುಬ್ಬಳ್ಳಿಯ ಟಿಕೆಟ್ ಬೇರೆ, ವಿದೇಶದ ಟಿಕೆಟ್ ಬೇರೆ ತೆಗೆಸಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ಪೂರ್ತಿ ನಿಮ್ಮದೇ. ಮಳೆಗಾಲದ ಮೋಡದಲ್ಲಿ ಇದು ಅಪರೂಪವೇನಲ್ಲ. ಒಂದೇ ಟಿಕೆಟಿನಲ್ಲಿ ಸಿಗದಿದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿ. ವಂದೇ ಭಾರತ್‌ನಲ್ಲಿ ಹೋದರೂ ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎರಡು ತಾಸು ಹಿಡಿದುಕೊಳ್ಳಿ.

ಮಳೆಗಾಲದ ಹದಿನೆಂಟು ವಾರ

ತಯಾರಿ ಮೇ ಕೊನೆಗೆ ಶುರು. ವಾರಕ್ಕೆ ನಾಲ್ಕು ಓಟ: ಎರಡು ಹಗುರ, ಒಂದು ವೇಗದ್ದು, ಒಂದು ಉದ್ದದ್ದು. ವಾರದ ಒಟ್ಟು 35 ಕಿ.ಮೀ.ನಿಂದ 60-65ಕ್ಕೆ ಏರಲಿ, ಪ್ರತಿ ನಾಲ್ಕನೇ ವಾರ ಕಾಲುಭಾಗ ಇಳಿಯಲಿ. ಉದ್ದ ಓಟ 16ರಿಂದ ಶುರುವಾಗಿ 30-32 ಕಿ.ಮೀ. ತನಕ, 30 ದಾಟಿದವು ಒಟ್ಟು ಮೂರು ಸಾಕು. ಉದ್ದ ಓಟವನ್ನು ಓಟದ ದಿನದ ವೇಗಕ್ಕಿಂತ ಕಿಲೋಮೀಟರಿಗೆ 45-75 ಸೆಕೆಂಡ್ ನಿಧಾನ ಓಡಿ. ಕೊನೆಯ ಮೂರು ವಾರ ದೂರವನ್ನು ಮೂರು ಮೆಟ್ಟಿಲಲ್ಲಿ ಇಳಿಸಿ. 35 ವಯಸ್ಸು ದಾಟಿದವರು, ಬಿಪಿ ಅಥವಾ ಸಕ್ಕರೆ ಇರುವವರು ಮೊದಲೇ ವೈದ್ಯರನ್ನು ಕಂಡು ಹೃದಯ ಪರೀಕ್ಷೆ ಮಾಡಿಸಲಿ. ಕೆಲವು ದೇಶಗಳ ಓಟಗಳಿಗೆ ವೈದ್ಯಕೀಯ ಪ್ರಮಾಣಪತ್ರ ಕೇಳುವುದೂ ಉಂಟು.

ಅವಳಿನಗರದವರಿಗೆ ಒಂದು ಭಾಗ್ಯವಿದೆ: ಹುಬ್ಬಳ್ಳಿಯಿಂದ ಧಾರವಾಡ ಹೆಚ್ಚುಕಡಿಮೆ ಅರ್ಧ ಮ್ಯಾರಥಾನ್. ನಸುಕಿನಲ್ಲಿ ಉಣಕಲ್ ಕೆರೆಯ ಕಡೆಯಿಂದ ಹೊರಟು, ಬದಿಯ ಪಾದಚಾರಿ ದಾರಿ ಹಿಡಿದು ಧಾರವಾಡ ಮುಟ್ಟಿ, ಕೆಲಗೇರಿ ಕೆರೆಯ ಕಡೆ ಸುತ್ತು ಸೇರಿಸಿದರೆ ದೊಡ್ಡ ಓಟವೇ ಆಯಿತು. ಮರಳುವಾಗ ಅವಳಿನಗರದ ನಡುವೆ ಓಡುವ ಚಿಗರಿ ಬಸ್ಸು. ಚಿಗರಿಯ ಮೀಸಲು ಪಥದೊಳಗೆ ಮಾತ್ರ ಓಡಬೇಡಿ. ಪಶ್ಚಿಮದ ಗಾಳಿ ಜೋರಿರುವ ಜೂನ್-ಜುಲೈನಲ್ಲಿ ಹೋಗುವಾಗ ಎದುರುಗಾಳಿ, ಅದೂ ಅಭ್ಯಾಸವೇ. ವೇಗದ ಓಟಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಮತ್ತು ಆರ್.ಎನ್. ಶೆಟ್ಟಿ ಕ್ರೀಡಾಂಗಣ, ಏರಿಗೆ ನೃಪತುಂಗ ಬೆಟ್ಟ. ಗದಗಿನವರಿಗೆ ಕಪ್ಪತಗುಡ್ಡದ ಕಡೆಯ ದಾರಿ, ಹಾವೇರಿಯವರಿಗೆ ಹೆಗ್ಗೇರಿ ಕೆರೆ. ಬೀದಿನಾಯಿಗಳ ಕಾಟಕ್ಕೆ ಮದ್ದು ಒಂದೇ, ಗುಂಪಾಗಿ ಹೋಗುವುದು ಮತ್ತು ನಾಯಿ ಕಂಡಾಗ ಓಟ ನಿಲ್ಲಿಸಿ ನಡೆಯುವುದು.

ಸಪಾಟು ದಾರಿ ಸುಲಭವೆಂದು ನಂಬಿ ಧಾರವಾಡದ ಏರಿಳಿತದಲ್ಲೇ ಪೂರ್ತಿ ತಯಾರಾಗುವವರು ಬರ್ಲಿನ್‌ನ 32ನೇ ಕಿಲೋಮೀಟರಿನಲ್ಲಿ ಅಚ್ಚರಿಪಡುತ್ತಾರೆ. ಏರು-ಇಳಿವಿನಲ್ಲಿ ಸ್ನಾಯುಗಳಿಗೆ ಸರದಿಯ ಮೇಲೆ ಬಿಡುವು ಸಿಗುತ್ತದೆ. ಸಪಾಟಿನಲ್ಲಿ ಒಂದೇ ಸ್ನಾಯು ಸಾವಿರಾರು ಬಾರಿ ಒಂದೇ ಥರ ದುಡಿಯುತ್ತದೆ. ಆದ್ದರಿಂದ 30ರ ಓಟಗಳಲ್ಲಿ ಎರಡನ್ನಾದರೂ ಸಪಾಟು ದಾರಿಯಲ್ಲಿ ಓಡಿ. ಎರಡನ್ನು ಬೆಳಿಗ್ಗೆ ಒಂಬತ್ತರ ನಂತರ ಶುರು ಮಾಡಿ, ತಿಂಡಿ ತಿಂದು ಮೂರು ತಾಸು ಬಿಟ್ಟು. ಹೊಟ್ಟೆಗೆ ಆ ಕ್ರಮ ಗೊತ್ತಾಗಬೇಕು.

ಒದ್ದೆ ಶೂಗಳ ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಬಿಸಿಲು, ಹೀಟರ್ ಬೇಡ, ಅಂಟು ಬಿಡುತ್ತದೆ. ಓಟದ ದಿನದ ಶೂ 60-100 ಕಿ.ಮೀ. ಓಡಿದ್ದಿರಲಿ. ಬಿಬ್ ಹಂಚುವ ಬರ್ಲಿನ್ ಮೇಳದಲ್ಲಿ ಕೊಂಡ ಹೊಸ ಶೂವನ್ನು ಮರುದಿನವೇ ಹಾಕಿಕೊಂಡವನಿಗೆ ಬೊಬ್ಬೆ ತಪ್ಪದು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಶೂ, ಚಡ್ಡಿ, ಬನಿಯನ್, ಕಾಲುಚೀಲ, ವಾಚು, ಜೆಲ್ (ಓಡುತ್ತ ಹೀರುವ ಸಿಹಿ ಪಾಕದ ಪೊಟ್ಟಣ), ಔಷಧಿ: ಇವಿಷ್ಟು ಕೈಚೀಲದಲ್ಲೇ. ದೊಡ್ಡ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂದರೂ ಓಟ ನಿಲ್ಲಬಾರದು. ಜೆಲ್‌ಗಳನ್ನು ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಎಣಿಸುತ್ತಾರೆ. ಒಂದೊಂದು 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿರಬೇಕು. ಏಳು ಜೆಲ್ ಸಲೀಸಾಗಿ ಹಿಡಿಸುತ್ತವೆ.

ಇನ್ನು ತಿನಿಸು. ಇಲ್ಲಿ ಬೇಸರದ ಸುದ್ದಿ ಇದೆ: ಧಾರವಾಡ ಪೇಡಾ ಒಯ್ಯುವಂತಿಲ್ಲ. ಐರೋಪ್ಯ ಒಕ್ಕೂಟಕ್ಕೆ ಭಾರತದಂಥ ಹೊರದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ಪ್ರಯಾಣಿಕರಿಗೆ ನಿಷಿದ್ಧ, ಒಂದು ಡಬ್ಬಿಯಾದರೂ ಸರಿ. ತುಪ್ಪದ ಉಂಡಿಯನ್ನೂ ಬಿಟ್ಟು ಹೋಗುವುದು ಕ್ಷೇಮ. ಕರಿಬೇವು, ಹಸಿಮೆಣಸಿನಕಾಯಿ, ಲಿಂಬೆಹಣ್ಣು ಕೂಡ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಳಗೆ ಹೋಗವು. ಕರದಂಟಿನಲ್ಲಿ ತುಪ್ಪವೂ ಇದೆ, ಎಷ್ಟೋ ಕಡೆ ಗಸಗಸೆಯೂ ಇರುತ್ತದೆ. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿರುವುದರಿಂದ ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸುವವರು ಅದನ್ನು ಮನೆಯಲ್ಲೇ ಬಿಡುವುದು ಕ್ಷೇಮ. ಒಯ್ಯಬಹುದಾದದ್ದು: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ತೆಳು ಅವಲಕ್ಕಿ, ತುಪ್ಪ ಹಾಕದ ಶೇಂಗಾ ಉಂಡಿ, ಅಕ್ಕಿ. ಚಟ್ನಿಪುಡಿ ದೊಡ್ಡ ಚೀಲದಲ್ಲಿರಲಿ. ಕೈಚೀಲದಲ್ಲಿ ಪುಡಿ ಕಂಡರೆ ಬಿಚ್ಚಿಸುತ್ತಾರೆ.

ಸಣ್ಣ ರೈಸ್ ಕುಕ್ಕರ್ ಗುಂಪಿಗೆ ವರವಾದರೂ ಪ್ಲಗ್ ನೋಡಿಕೊಳ್ಳಿ. ಜರ್ಮನಿಯಲ್ಲಿ 230 ವೋಲ್ಟ್. ನಮ್ಮ ಎರಡು ದುಂಡು ಕಡ್ಡಿಯ ಪ್ಲಗ್ ಸಾಮಾನ್ಯವಾಗಿ ಕೂರುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಸಿಂಗಪುರ, ಲಂಡನ್‌ನಲ್ಲಿ ಚಪ್ಪಟೆ ಮೂರು ಕಡ್ಡಿ. ಜಪಾನಿನಲ್ಲಿ 100 ವೋಲ್ಟ್, ಅಲ್ಲಿ ನಮ್ಮ ಕುಕ್ಕರಿನಲ್ಲಿ ಅನ್ನ ಬೇಯುವುದಿಲ್ಲ.

ಔಷಧಿ ಕಂಪನಿಯ ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಯುಎಇಯಲ್ಲಿ ನಿರ್ಬಂಧಿತ. ಸ್ಯೂಡೋಎಫೆಡ್ರಿನ್ ಇರುವ ಕೆಲವು ನೆಗಡಿ ಮಾತ್ರೆಗಳು ಜಪಾನಿನಲ್ಲಿ ನಿಷಿದ್ಧ.

ಓಟಕ್ಕೆ ಮುಂಚಿನ ಐದು ದಿನ

ಭಾನುವಾರದ ಓಟಕ್ಕೆ ಬುಧವಾರದೊಳಗೆ ಬರ್ಲಿನ್ ಮುಟ್ಟಿ. ಸಮಯದ ಅಂತರಕ್ಕೆ ದೇಹ ಒಗ್ಗಲು ತಾಸಿಗೊಂದು ದಿನ ಎಂಬುದು ಸ್ಥೂಲ ಲೆಕ್ಕ. ಪಶ್ಚಿಮಕ್ಕೆ ಹೋದಾಗ ಒಗ್ಗುವುದು ಸುಲಭ. ಆದರೆ ಮೊದಲೆರಡು ದಿನ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಗಾಬರಿಯಾಗಬೇಡಿ. ಮೊದಲ ದಿನ ಸಂಜೆ ಅಲ್ಲಿನ ಒಂಬತ್ತರ ತನಕ ಕಣ್ಣು ತೆರೆದಿಟ್ಟರೆ ಸಾಕು, ಮಧ್ಯಾಹ್ನದ ನಿದ್ದೆ ಅರ್ಧ ತಾಸು ಮೀರದಿರಲಿ. ಗಡಿಯಲ್ಲಿ ಈಗ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಇರುವುದರಿಂದ ಸಾಲು ಉದ್ದ. ಯುರೋಪಿನೊಳಗೆ ವಿಮಾನ ಬದಲಿಸುವವರು ಕನಿಷ್ಠ ಮೂರು ತಾಸಿನ ಅಂತರ ಇಟ್ಟುಕೊಳ್ಳಿ.

ಬರ್ಲಿನ್ ವಿಮಾನ ನಿಲ್ದಾಣ ನಗರ ಸಾರಿಗೆಯ ಸಿ ದರವಲಯದಲ್ಲಿದೆ. ಊರೊಳಗೆ ಬರಲು ಎಬಿಸಿ ಮೂರೂ ವಲಯದ ಟಿಕೆಟ್ ಬೇಕು. ಕಾಗದದ ಟಿಕೆಟಾದರೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಲು ಮರೆಯಬೇಡಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಗುಂಪಿಗೆ ಅಗ್ಗವೂ ಹೌದು, ಹೊಟ್ಟೆಗೂ ಒಳ್ಳೆಯದು. ಓಟ ಶುರುವಾಗುವ ಟಿಯರ್‌ಗಾರ್ಟನ್ ಉದ್ಯಾನಕ್ಕೆ ಒಂದೇ ರೈಲಿನಲ್ಲಿ ತಲುಪುವಂತಿರಲಿ, ಲಿಫ್ಟ್ ಇರಲೇಬೇಕು. ಮ್ಯಾರಥಾನ್ ಓಡಿದ ಸಂಜೆ ನಾಲ್ಕನೇ ಮಹಡಿ ಹತ್ತಬಹುದು, ಇಳಿಯುವುದೇ ಕಷ್ಟ.

ಗುರುವಾರ ಅಥವಾ ಶುಕ್ರವಾರ ಬೆಳಿಗ್ಗೆಯೇ ಮೇಳಕ್ಕೆ ಹೋಗಿ ಬಿಬ್ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಸಮೇತ ಖುದ್ದು ಹೋಗಬೇಕು. ಅಲ್ಲಿ ಕಟ್ಟುವ ಕೈಪಟ್ಟಿಯನ್ನು ಓಟ ಮುಗಿಯುವ ತನಕ ಬಿಚ್ಚುವಂತಿಲ್ಲ. ಶನಿವಾರಕ್ಕೆ ಉಳಿಸಿಕೊಂಡರೆ ಎರಡು ತಾಸು ಕಾಂಕ್ರೀಟಿನ ಮೇಲೆ ನಿಂತೇ ಕಾಲು ಸೋಲುತ್ತದೆ. ಬಿಬ್‌ನ ಹಿಂಬದಿಯಲ್ಲಿ ರಕ್ತದ ಗುಂಪು, ಔಷಧಿಗಳು, ಜೊತೆಯಲ್ಲಿ ಬಂದವರ ಫೋನ್ ನಂಬರ್ ಬರೆಯಿರಿ. ಹುಬ್ಬಳ್ಳಿಯ ಮನೆಯ ನಂಬರ್ ಅಲ್ಲಿನ ವೈದ್ಯರಿಗೆ ತಕ್ಷಣ ಉಪಯೋಗಕ್ಕೆ ಬಾರದು. ಯುರೋಪಿನಾದ್ಯಂತ ತುರ್ತು ಸಂಖ್ಯೆ 112. ಪಾಸ್‌ಪೋರ್ಟ್ ಕಳೆದುಹೋದರೆ ಭಾರತದ ರಾಯಭಾರ ಕಚೇರಿ ಅದೇ ಉದ್ಯಾನದ ಪಕ್ಕದ ಟಿಯರ್‌ಗಾರ್ಟನ್‌ಸ್ಟ್ರಾಸೆಯಲ್ಲಿದೆ.

ಶುಕ್ರವಾರ ಮಧ್ಯಾಹ್ನದಿಂದ ಊಟ ಬದಲಾಗಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 8 ಗ್ರಾಂ ಕಾರ್ಬೋಹೈಡ್ರೇಟ್ ಎಂದುಕೊಂಡರೆ 65 ಕಿಲೋದವರಿಗೆ 520 ಗ್ರಾಂ. ತಟ್ಟೆಯ ಲೆಕ್ಕದಲ್ಲಿ: 300 ಗ್ರಾಂ ಅಕ್ಕಿಯ ಅನ್ನ, 100 ಗ್ರಾಂ ಅವಲಕ್ಕಿ, ಆರು ಹೋಳು ಬಿಳಿ ಬ್ರೆಡ್, ಮೂರು ಬಾಳೆಹಣ್ಣು, ಅರ್ಧ ಲೀಟರ್ ಹಣ್ಣಿನ ರಸ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ವರ್ಷವಿಡೀ ಒಳ್ಳೆಯವೇ, ಆದರೆ ಶನಿವಾರ ಬೇಡ; ಅವುಗಳ ನಾರು ಭಾನುವಾರ 25ನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಿಸುತ್ತದೆ. ಕಟ್ಟಿಕೊಂಡು ಬಂದ ರೊಟ್ಟಿ-ಚಟ್ನಿ ಓಟದ ಸಂಜೆಗೆ ಮೀಸಲಿಡಿ.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಓಟದ ಬೆಳಗಿನ ಬ್ರೆಡ್, ಜೇನುತುಪ್ಪ, ಬಾಳೆಹಣ್ಣು ಶನಿವಾರವೇ ಮನೆಯಲ್ಲಿರಬೇಕು, ಸಂಜೆಯ ಅಡುಗೆಗೆ ಬೇಕಾದದ್ದೂ. ನಲ್ಲಿನೀರು ಕುಡಿಯಬಹುದು, ಬಾಟಲಿಗೆ ಹಣ ಸುರಿಯಬೇಡಿ. ಕೊಂಡರೂ ಖಾಲಿ ಬಾಟಲಿ ಮರಳಿಸಿದರೆ ಠೇವಣಿ ವಾಪಸ್.

ತಿರುಗಾಟದ ಮಿತಿ: ಗುರುವಾರ ಎರಡು ತಾಸು, ಶುಕ್ರವಾರ ಒಂದು ತಾಸು, ಶನಿವಾರ ಇಲ್ಲ. ಕೂತು ನೋಡುವುದೇನಿದ್ದರೂ ಈ ದಿನಗಳಿಗೆ ಇಟ್ಟುಕೊಳ್ಳಿ. ದೋಣಿ ಸುತ್ತಾಟ, ಡಬಲ್ ಡೆಕ್ಕರ್ ಬಸ್ಸು. ಓಡದ ಗೆಳೆಯರು ಬೇರೆಯಾಗಿ ಹೋಗಲಿ, ಅವರನ್ನೂ ಮನೆಯಲ್ಲಿ ಕೂಡಿಹಾಕುವುದು ಅನ್ಯಾಯ.

ಓಟದ ದಿನ

ಮೊದಲ ಸರದಿಯವರಾದರೆ 6:15ಕ್ಕೆ ತಿಂಡಿ: ನಾಲ್ಕು ಹೋಳು ಬ್ರೆಡ್, ಎರಡು ದೊಡ್ಡ ಚಮಚ ಜೇನು, ಒಂದು ಬಾಳೆಹಣ್ಣು, ರೂಢಿಯಿದ್ದರೆ ಚಹಾ. ಹಿಂದಿನ ಸರದಿಯವರು ಒಂದು ತಾಸಿಗೂ ಹೆಚ್ಚು ತಡವಾಗಿ ಹೊರಡಬಹುದು, ತಿಂಡಿಯನ್ನೂ ಅಷ್ಟೇ ಹಿಂದಕ್ಕೆ ತಳ್ಳಿ. ಸೆಪ್ಟೆಂಬರ್ ಕೊನೆಯ ಬೆಳಗು 10 ಡಿಗ್ರಿ ಆಸುಪಾಸು. ನಿಲ್ಲುವಾಗ ನಡುಕ, ಓಡುವಾಗ ಹಿತ. ಎಸೆಯಲು ಅಡ್ಡಿಯಿಲ್ಲದ ಹಳೆಯ ಸ್ವೆಟರ್ ಮೇಲೆ ಹಾಕಿಕೊಂಡು ಹೋಗಿ. ತೊಡೆಸಂದು, ಕಂಕುಳು, ಮೊಲೆತೊಟ್ಟಿಗೆ ವ್ಯಾಸಲಿನ್ ಬಳಿಯಿರಿ. ಶೌಚಾಲಯದ ಸಾಲಿಗೆ ಮುಕ್ಕಾಲು ತಾಸು ತೆಗೆದಿಡಿ.

ವೇಗದ ಲೆಕ್ಕ: 4 ತಾಸಿಗೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್, ನಾಲ್ಕೂವರೆಗೆ 6:24, 5 ತಾಸಿಗೆ 7:06. ಆದರೆ ವಾಚು ಹೇಳಿದ ವೇಗವನ್ನೇ ನಂಬಿದರೆ ಗುರಿ ತಪ್ಪುತ್ತದೆ. ದಾರಿಯನ್ನು ಅಳೆದಿರುವುದು ತಿರುವುಗಳ ಒಳಬದಿಯ ಅತಿ ಸಣ್ಣ ಗೆರೆಯಲ್ಲಿ. ಐವತ್ತು ಸಾವಿರ ಜನರ ನಡುವೆ ನೀವು ಓಡುವುದು ಸುತ್ತಿಬಳಸಿ. ವಾಚಿನಲ್ಲಿ 42.6 ಕಿ.ಮೀ. ಬಂದರೆ ನಾಲ್ಕೂವರೆಯ ಗುರಿಗೆ ಅದರಲ್ಲಿ 6:20 ತೋರಿಸುತ್ತಿರಬೇಕು. ಆ ಅತಿ ಸಣ್ಣ ದಾರಿ ತೋರುವ ರಸ್ತೆಯ ನೀಲಿ ಗೆರೆ ಸಿಕ್ಕಾಗೆಲ್ಲ ಹಿಡಿಯಿರಿ, ಪ್ರತಿ 5 ಕಿ.ಮೀ. ಫಲಕದ ಬಳಿ ಒಟ್ಟು ಸಮಯ ನೋಡಿ. ಮೊದಲ 5 ಕಿ.ಮೀ. ಬೇಕೆಂದೇ 5-6 ಸೆಕೆಂಡ್ ನಿಧಾನ ಓಡಿ. ಜನಜಂಗುಳಿಯ ಉಬ್ಬರದಲ್ಲಿ ಎಲ್ಲರೂ ಅಲ್ಲೇ ಮಿತಿಮೀರಿ ಓಡಿರುತ್ತಾರೆ, ಅದರ ಬಡ್ಡಿ ಕಟ್ಟುವುದು ಮಾತ್ರ 35ರ ನಂತರ.

ಜೆಲ್ ಮೊದಲನೆಯದು 35-40 ನಿಮಿಷಕ್ಕೆ, ಆಮೇಲೆ ಅಷ್ಟೇ ಅಂತರಕ್ಕೆ ಒಂದೊಂದು, ನೀರಿನ ಜೊತೆ. ಹಸಿವಾದ ಮೇಲೆ ತಿನ್ನೋಣ ಎಂದರೆ ತಡವಾಗಿರುತ್ತದೆ. ನೀರು ಬಾಯಾರಿದಷ್ಟೇ. ಹುಬ್ಬಳ್ಳಿಯ ಬೆವರಿನ ಅಭ್ಯಾಸದಲ್ಲಿ ದಾರಿಬದಿಯ ಪ್ರತಿ ನೀರಿನ ಮೇಜಿನಲ್ಲೂ ಎರಡು ಲೋಟ ಕುಡಿಯುವವರಿಗೆ ಬರ್ಲಿನ್‌ನ ತಂಪಿನಲ್ಲಿ ರಕ್ತದ ಸೋಡಿಯಂ ಇಳಿಯುವ ಅಪಾಯವಿದೆ. ತಲೆನೋವು, ವಾಂತಿ, ಕೈಬೆರಳು ಊದುವುದು ಅದರ ಲಕ್ಷಣ. ಆಗ ಇನ್ನಷ್ಟು ನೀರು ಕುಡಿಯಬೇಡಿ, ವೈದ್ಯಕೀಯ ಡೇರೆಗೆ ಹೋಗಿ. ಮೇಜುಗಳ ಸಾಲಿನಲ್ಲಿ ಮೊದಲನೆಯದಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಕೊನೆಯ ಮೇಜಿನಲ್ಲಿ ತೆಗೆದುಕೊಳ್ಳಿ. ನೆಲದ ಮೇಲೆ ಬಿದ್ದ ಪ್ಲಾಸ್ಟಿಕ್ ಲೋಟಗಳು ಜಾರುತ್ತವೆ, ಅಲ್ಲಿ ನಡೆದೇ ಸಾಗಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಓಟಕ್ಕೆ ಮೊದಲೂ ನಡುವೆಯೂ ನುಂಗಬೇಡಿ. ನೀರಿಳಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ.

ನೋಡುಗ ಗೆಳೆಯರಿಗೆ ಎರಡು ಜಾಗ ಸಾಕು: 28ನೇ ಕಿ.ಮೀ. ಆಸುಪಾಸಿನ ವಿಲ್ಡರ್ ಎಬರ್, 38ರ ಆಸುಪಾಸಿನ ಪಾಟ್ಸ್‌ಡಾಮರ್ ಪ್ಲಾಟ್ಸ್. ಮೂರನೆಯದನ್ನು ಹಿಡಿಯಲು ಹೋದವರು ಎರಡನ್ನೂ ತಪ್ಪಿಸಿಕೊಳ್ಳುತ್ತಾರೆ. ರಸ್ತೆಯ ಎಡಬದಿಯೋ ಬಲಬದಿಯೋ ಎಂದು ಮೊದಲೇ ಗೊತ್ತು ಮಾಡಿ. ಬ್ರಾಂಡೆನ್‌ಬರ್ಗ್ ದ್ವಾರ ಕಂಡೊಡನೆ ಕೈ ಮೇಲೆತ್ತಿ ನಿಲ್ಲುವವರಿದ್ದಾರೆ. ಕೊನೆಯ ಗೆರೆ ಅದರಾಚೆ ಇನ್ನೂ ಕೆಲವು ನೂರು ಮೀಟರ್ ಇದೆ.

ಗೆರೆ ದಾಟಿದ ಮೇಲೆ

ಕೂರಬೇಡಿ, ಹದಿನೈದು ನಿಮಿಷ ನಡೆಯಿರಿ. ಮೈ ಬೇಗ ತಣ್ಣಗಾಗುತ್ತದೆ, ಹೊದಿಕೆ ಸುತ್ತಿಕೊಳ್ಳಿ. ಅಷ್ಟು ಜನರ ನಡುವೆ ಫೋನ್ ಸಿಗ್ನಲ್ ನೆಚ್ಚುವಂತಿಲ್ಲ. ದೊಡ್ಡ ಓಟಗಳಲ್ಲಿ ಭೇಟಿಗೆಂದು ಇಂಗ್ಲಿಷ್ ಅಕ್ಷರಗಳ ಫಲಕಗಳಿರುತ್ತವೆ. ಎಲ್ಲರೂ ತಮ್ಮ ಅಡ್ಡಹೆಸರಿನ ಅಕ್ಷರಕ್ಕೆ ಹೋಗುವುದರಿಂದ ನೀವು 'ಎಕ್ಸ್' ಹಿಡಿಯಿರಿ, ಅಲ್ಲಿ ಜನ ಕಡಿಮೆ. ಕೊನೆಯವನು ಬರಬೇಕಾದ ಸಮಯಕ್ಕಿಂತ ಒಂದು ತಾಸು ಕಾದು, ಬಾರದಿದ್ದರೆ ಒಬ್ಬರು ವೈದ್ಯಕೀಯ ಡೇರೆಯಲ್ಲಿ ವಿಚಾರಿಸಲಿ, ಉಳಿದವರು ಅಲ್ಲೇ ಇರಲಿ.

ತಿರುಗಾಟ ಮಂಗಳವಾರದಿಂದ. ಮೊದಲೆರಡು ದಿನ ರೈಲಿನ ಕಿಟಕಿ, ಸರೋವರ, ಸಪಾಟು ಊರು; ಗುಡ್ಡದ ಇಳಿಜಾರು ಗುರುವಾರದ ನಂತರ. ಓಡಿದ ರಾತ್ರಿಯೇ ದೀರ್ಘ ವಿಮಾನ ಹತ್ತಬೇಡಿ. ನೀರಿಳಿದ ದೇಹ, ಗಾಯಗೊಂಡ ಸ್ನಾಯು, ಹತ್ತು ತಾಸು ಕದಲದೆ ಕೂರುವುದು, ಮೂರೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಮರಳುವಾಗಲೂ ತಾಸಿಗೊಮ್ಮೆ ಎದ್ದು ನಡೆಯಿರಿ, ಬಿಗಿ ಕಾಲುಚೀಲ ಹಾಕಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಬಿಸಿಯಾಗಿದ್ದರೆ ಅದನ್ನು ಓಟದ ನೋವೆಂದು ತಿಕ್ಕದೆ ಅದೇ ದಿನ ವೈದ್ಯರಿಗೆ ತೋರಿಸಿ. ಏನೂ ತೊಂದರೆಯಿಲ್ಲದಿದ್ದರೂ ಹತ್ತು ದಿನ ಓಟ ಬೇಡ. ಹನ್ನೊಂದನೇ ದಿನ ನಾಲ್ಕು ಕಿಲೋಮೀಟರ್, ಮಾತಾಡುತ್ತ ಓಡುವ ವೇಗದಲ್ಲಿ. ಖರ್ಚಿನ ಲೆಕ್ಕವನ್ನು ಮಾತ್ರ ಊರಿಗೆ ಬಂದ ವಾರದೊಳಗೇ ಚುಕ್ತಾ ಮಾಡಿ. ಮುಂದಿನ ಲಾಟರಿ ತೆರೆಯುವುದೂ ಹೆಚ್ಚುಕಡಿಮೆ ಅದೇ ವಾರ.